ಕಾರಿನ ಬಣ್ಣದ ಗಿಟಾರು

ಹಾಡಿನ ತಳದಲ್ಲಿ ಗುಂಯ್‌ಗುಡುವ ನಾಲ್ಕು ತಂತಿಯ ಎಲೆಕ್ಟ್ರಿಕ್ ಬೇಸ್ ಗಿಟಾರನ್ನು ನಾನು ನುಡಿಸಬಲ್ಲವಳಲ್ಲ. ಆದರೂ ಹಳೆಯ ಬೇಸ್‌ಗಳನ್ನು ಉಜ್ಜಿ, ಅರವತ್ತರ ದಶಕದ ಬಣ್ಣಗಳನ್ನು ಹೊಸದಾಗಿ ಬಳಿಯುವ ಹವ್ಯಾಸದ ಬಗ್ಗೆ ನನ್ನದೊಂದು ತಕರಾರಿದೆ.

ಕ್ಯಾಲಿಫೋರ್ನಿಯಾದ ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸನ್ನೂ 1960ರಲ್ಲಿ ಜಾಝ್ ಬೇಸನ್ನೂ ತಂದಿತು. ಅವುಗಳ ವಿಶೇಷ ಬಣ್ಣಗಳು ಬಂದದ್ದು ಕಾರುಗಳಿಂದ! ಫಿಯೆಸ್ಟಾ ರೆಡ್ ಫೋರ್ಡ್ ಕಾರಿನದು, ಲೇಕ್ ಪ್ಲಾಸಿಡ್ ಬ್ಲೂ ಕ್ಯಾಡಿಲ್ಯಾಕಿನದು. ಅಂಥ ಬಣ್ಣವೇ ಬೇಕೆಂದವರು ನೂರಕ್ಕೆ ಐದರಷ್ಟು ಹೆಚ್ಚು ತೆರಬೇಕಿತ್ತು. ಬಣ್ಣ ನೋಡಿ ಸೀರೆ ಕೊಳ್ಳುವ ನಮಗೆ ಇದೇನೂ ವಿಚಿತ್ರವಲ್ಲ ಬಿಡಿ.

ಆ ಬಣ್ಣಗಳ ಸೊಗಸಿರುವುದು ಅವು ಮಾಗುವ ಬಗೆಯಲ್ಲಿ. ಮೇಲೆ ಹಚ್ಚಿದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ಒಲಿಂಪಿಕ್ ವೈಟ್ ಕೆನೆಬಣ್ಣವಾಗುತ್ತದೆ, ನೀಲಿಗೆ ಹಸಿರಿನ ಛಾಯೆ ಬರುತ್ತದೆ. ನುಡಿಸುವವರ ಮುಂಗೈ ಒರಗುವಲ್ಲಿ ಬಣ್ಣ ಸವೆದು ಮರ ಕಾಣುತ್ತದೆ. ಕೆರೆದು ತೆಗೆದರೆ ಇದಾವುದೂ ಮತ್ತೆ ಬಾರದು. ಸಂಗ್ರಾಹಕರು ಅಂಥ ವಾದ್ಯದ ಬೆಲೆಯನ್ನು ಬಹಳ ಇಳಿಸುತ್ತಾರೆ, ಆದರೆ ನನ್ನ ತಕರಾರು ದುಡ್ಡಿನದಲ್ಲ.

ನಡುವೆ ಹಳದಿ, ಅಂಚಿಗೆ ಕಪ್ಪಾಗುವ ಮೂಲ ಸನ್‌ಬರ್ಸ್ಟ್ ಬಣ್ಣ ಚೆನ್ನಾಗಿಯೇ ಇರುವಾಗ, ಅದು ಸಾಮಾನ್ಯವೆಂದು ನೀಲಿ ಬಳಿಯುವುದು ನನಗೆ ಒಪ್ಪಿಗೆಯಿಲ್ಲ. ಅತ್ತ ಅದೇ ಫೆಂಡರ್, 1995ರಿಂದ ಹೊಸ ವಾದ್ಯಗಳನ್ನೇ ಬೇಕೆಂದು ಸವೆಸಿ ಹೆಚ್ಚಿನ ಬೆಲೆಗೆ ಮಾರುತ್ತಿದೆ. ನಗಬೇಕೋ ಅಳಬೇಕೋ!

ಹಿಂದೆಂದೋ ಯಾರೋ ಒರಟಾಗಿ ಪೇಂಟ್ ಬಳಿದು ಕೆಡಿಸಿದ ಬೇಸಿನ ಮಾತು ಬೇರೆ. ಅದನ್ನು ಸರಿಪಡಿಸುವ ಕೆಲಸಗಾರನ ಬಗ್ಗೆ ನನಗೆ ಗೌರವವಿದೆ. ತೆಳುವಾಗಿ ಹಲವು ಪದರ ಹಚ್ಚಿ, ಒಣಗುವ ತನಕ ಆತ ಕಾಯುತ್ತಾನೆ. ಅದಕ್ಕೂ ಮೊದಲು ತಂತಿಗಳ ಕೆಳಗಿನ ಪ್ಲಾಸ್ಟಿಕ್ ಹಲಗೆಯನ್ನು ಬಿಚ್ಚಿ, ಬಿಸಿಲು ಕಾಣದ ಆ ಜಾಗದಲ್ಲಿ ಮೂಲ ಬಣ್ಣ ಉಳಿದಿದೆಯೇ ಎಂದು ಹುಡುಕುತ್ತಾನೆ.