ಮ್ಯಾಚ್‌ಗೊಬ್ಬ ಹೀರೋ, ಸಿನಿಮಾಕ್ಕೊಂದು ಸ್ಕೋರು

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಆರು ರನ್ನಿನಿಂದ ಐಪಿಎಲ್ ಗೆದ್ದಿತು. ಪಂದ್ಯ ತಿರುಗಿಸಿದ್ದು ಕೃಣಾಲ್ ಪಾಂಡ್ಯ. ನಾಲ್ಕು ಓವರಿಗೆ ಬರೀ 17 ರನ್ ಕೊಟ್ಟು ಪ್ರಭ್‌ಸಿಮ್ರನ್, ಇಂಗ್ಲಿಸ್ ಇಬ್ಬರನ್ನೂ ಔಟ್ ಮಾಡಿದರು, ಪಂದ್ಯಶ್ರೇಷ್ಠರೂ ಅವರೇ. ಆದರೆ ಟಿವಿಯಲ್ಲಿ, ಮೊಬೈಲಿನಲ್ಲಿ ಮತ್ತೆ ಮತ್ತೆ ಬಂದದ್ದು ಕೊನೇ ಓವರಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ವಿರಾಟ್ ಕೊಹ್ಲಿ. ಜೆರ್ಸಿ ನಂಬರ್ 18, ಹದಿನೆಂಟನೇ ಸೀಸನ್. ಚಿತ್ರಕಥೆ ಮೊದಲೇ ಸಿದ್ಧವಿತ್ತು, ಅದರಲ್ಲಿ ಕೃಣಾಲ್‌ಗೆ ಪಾತ್ರವಿರಲಿಲ್ಲ. ಅಂದು ಕೊಹ್ಲಿ ಹೊಡೆದದ್ದು 35 ಎಸೆತಕ್ಕೆ 43, ಟಿ20ಯಲ್ಲಿ ಅದು ನಿಧಾನವೇ. ಹಾಗಂದರೆ ಅಭಿಮಾನಿಗಳು ಇವತ್ತಿಗೂ ಜಗಳಕ್ಕೆ ಬರುತ್ತಾರೆ.

ಆ ಕಣ್ಣೀರು ನಿಜವಾದದ್ದೇ, ತಕರಾರಿಲ್ಲ. ನನ್ನ ತಕರಾರು ಪ್ರಸಾರದ ಬಗ್ಗೆ. ಹೀರೋ ಮೈದಾನಕ್ಕೆ ಇಳಿಯುವಾಗ ಸ್ಲೋ ಮೋಷನ್, ವಿಕೆಟ್ ಬಿದ್ದರೆ ಗ್ಯಾಲರಿಯ ಅಳುಮೋರೆಗೆ ಕಟ್. ಫೀಲ್ಡರ್‌ಗಳನ್ನು ಎಲ್ಲೆಲ್ಲಿ ನಿಲ್ಲಿಸಿದ್ದಾರೆ ನೋಡೋಣ ಅಂದರೆ ಅಷ್ಟರಲ್ಲಿ ಜಾಹೀರಾತು. 2024ರ ಮಾರ್ಚ್‌ನಲ್ಲಿ ತಂಡದ ಹೆಸರು ಬದಲಾಗುವ ಸುಳಿವು ಕೊಡಲು ಬಂದವರೂ ಸಿನಿಮಾದವರೇ: ‘ಬ್ಯಾಂಗಲೋರ್’ ಎಂದು ಬರೆದಿದ್ದ ಕೋಣವನ್ನು ರಿಷಬ್ ಶೆಟ್ಟಿ ಆಚೆ ಕಳಿಸಿದರು. ಚೆಂದದ ಜಾಹೀರಾತು, ಒಪ್ಪಲೇಬೇಕು. ಅದೇ ತಿಂಗಳು ಸ್ಮೃತಿ ಮಂಧಾನ ನಾಯಕತ್ವದ ಮಹಿಳಾ ತಂಡ ಡಬ್ಲ್ಯುಪಿಎಲ್ ಕಪ್ ಗೆದ್ದೂ ಆಗಿತ್ತು. ಆದರೂ ಮರುವರ್ಷ ಎಲ್ಲ ಕಡೆ ‘ಹದಿನೆಂಟು ವರ್ಷದ ಬರ’ದ್ದೇ ಮಾತು. ಹೆಣ್ಣುಮಕ್ಕಳು ಗೆದ್ದ ಕಪ್ಪಿಗೆ ಬರ ನೀಗಿಸುವ ಯೋಗ್ಯತೆ ಇರಲಿಲ್ಲವೆ?

ಇತ್ತ ಸಿನಿಮಾ ಮ್ಯಾಚ್ ಆಗಿದೆ. ಇಂಟರ್ವಲ್‌ನಲ್ಲಿ ಕಾಫಿಗೆಂದು ಹೊರಬಂದರೆ ಯೂಟ್ಯೂಬಿನವರ ಮೈಕು ಬಾಯಿಗೇ ಬರುತ್ತದೆ: “ಫಸ್ಟ್ ಹಾಫ್ ಹೆಂಗಿದೆ ಸರ್?” ಕಥೆ ಇನ್ನೂ ಅರ್ಧ ಬಾಕಿ, ತೀರ್ಪು ಆಗಲೇ ಅಪ್‌ಲೋಡ್. ‘ಕೆಜಿಎಫ್ 2’ ಸಾವಿರ ಕೋಟಿ ದಾಟಿತೆಂಬ ಸುದ್ದಿ ಬಂದಾಗಿನಿಂದ ಪ್ರೇಕ್ಷಕನೂ ಡಿಸ್ಟ್ರಿಬ್ಯೂಟರನಂತೆ ಮಾತಾಡತೊಡಗಿದ್ದಾನೆ. ಗಳಿಕೆಯ ಪೋಸ್ಟರ್ ಹೊರಡಿಸುವವರು ನಿರ್ಮಾಪಕರೇ. ತನ್ನ ಜೇಬಿಗೆ ಬಾರದ ಆ ದುಡ್ಡಿಗೆ ಅಭಿಮಾನಿ ಜಾಲತಾಣದಲ್ಲಿ ಇನ್ನೊಬ್ಬ ನಟನ ಅಭಿಮಾನಿಯನ್ನು ಬಯ್ಯುತ್ತಾನೆ. ರಿಷಬ್ ಶೆಟ್ಟಿಯವರೇ ನಿರ್ಮಿಸಿದ ‘ಶಿವಮ್ಮ ಯರೇಹಂಚಿನಾಳ’ 2022ರಲ್ಲಿ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು, 2024ರಲ್ಲಿ ಥಿಯೇಟರಿಗೆ ಬಂತು. ಪೌಷ್ಟಿಕ ಪುಡಿ ಮಾರಲು ಹೊರಡುವ ನಡುವಯಸ್ಸಿನ ಹೆಂಗಸಿನ ಕಥೆ. ಅವಳನ್ನು ಯಾವ ಸ್ಕೋರಿನಲ್ಲಿ ಅಳೆಯುವುದು?

‘ಕಾಂತಾರ’ದ ನಂತರ ಥಿಯೇಟರಿನಲ್ಲಿ ದೈವದ ವೇಷ ಹಾಕಿ ಕುಣಿಯಬೇಡಿ ಎಂದು ಚಿತ್ರತಂಡವೇ ಬೇಡಿಕೊಳ್ಳಬೇಕಾಯಿತು. ತುಳುನಾಡಿನವರಿಗೆ ಅದು ಆರಾಧನೆ, ಕೆಲವು ಪ್ರೇಕ್ಷಕರಿಗೆ ರೀಲ್ಸ್. ನೋಡುವುದಷ್ಟೇ ಸಾಲದು, ತಾನೂ ಫ್ರೇಮಿನಲ್ಲಿರಬೇಕು.

ಆರ್‌ಸಿಬಿ ಕಪ್ ಗೆದ್ದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಸೇರಿದ ಜನಸಾಗರದಲ್ಲೂ ಈ ಆಸೆಯ ಪಾಲಿತ್ತು. ಬೆಳಗಿನಿಂದ ವಿಜಯೋತ್ಸವದ ಪೋಸ್ಟ್‌ಗಳು, ನೇರಪ್ರಸಾರದ ಅಬ್ಬರ. ಸಂಜೆಯ ಹೊತ್ತಿಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಪೊಲೀಸರು, ಸರ್ಕಾರ, ಫ್ರಾಂಚೈಸಿ, ಕ್ರಿಕೆಟ್ ಸಂಸ್ಥೆ ಎಂದು ತಪ್ಪಿನ ಲೆಕ್ಕ ಅಂದಿನಿಂದಲೇ ಶುರುವಾಯಿತು. ಆ ಪಟ್ಟಿಯಲ್ಲಿ ಯಾವುದಾದರೂ ವಾಹಿನಿ ತನ್ನ ಹೆಸರನ್ನು ತಾನೇ ಸೇರಿಸಿಕೊಂಡದ್ದನ್ನು ನಾನಂತೂ ನೋಡಲಿಲ್ಲ.