ಸಾಂಬ್ರಾದಿಂದ ಖಾನಾಪುರಕ್ಕೆ, ಎಂಜಿನ್ನಿಗೆ ಕಿವಿಗೊಟ್ಟು

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣವನ್ನು ಬ್ರಿಟಿಷ್ ವಾಯುಪಡೆ ಕಟ್ಟಿದ್ದು 1942ರಲ್ಲಿ, ಯುದ್ಧಕಾಲದ ತರಬೇತಿಗೆಂದು. ಆ ಕಾಲದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಈಗ ಮನೆಯ ಕಂಪ್ಯೂಟರಿನಲ್ಲೇ ಸಿಗುತ್ತದೆ. ಡಿಸಿಎಸ್, ಐಎಲ್-2ನಂಥ ವಿಮಾನ ಹಾರಿಸುವ ಆಟಗಳಿಗೆ ಬಂದ ಹೊಸಬರು ಮೊದಲು ಹುಡುಕುವುದು ಗುಂಡು ಹಾರಿಸುವ ಬಟನ್ನನ್ನು. ಸದ್ಯಕ್ಕೆ ಅದನ್ನು ಮರೆತುಬಿಡಿ. ಈ ಆಟದ ರಸವಿರುವುದು ಎಂಜಿನ್ ಸಾಕುವುದರಲ್ಲಿ.

ಸ್ಪಿಟ್‌ಫೈರಿನ ಮೂತಿಯಲ್ಲಿರುವುದು ರೋಲ್ಸ್ ರಾಯ್ಸ್‌ನವರ ಮರ್ಲಿನ್: 12 ಸಿಲಿಂಡರ್, 27 ಲೀಟರ್. ಸ್ಟಾರ್ಟ್ ಆದ ಕೂಡಲೇ ಥ್ರಾಟಲ್ ಒತ್ತಿದಿರೋ, ತಣ್ಣಗೆ ದಪ್ಪಗಿರುವ ಆಯಿಲ್ ಬೇರಿಂಗುಗಳಿಗೆ ಸರಿಯಾಗಿ ಹರಿಯುವುದಿಲ್ಲ. ಖಾನಾಪುರದ ಕುಂಬಾರರನ್ನು ಕೇಳಿ, ಆವಿಗೆಗೆ ಮೊದಲೇ ಜೋರು ಬೆಂಕಿ ಕೊಟ್ಟರೆ ಗಡಿಗೆ ಸೀಳುತ್ತದೆ. ಇಲ್ಲೂ ಸಣ್ಣ ಉರಿಯಿಂದಲೇ ಶುರು. ಹಾಗಂತ ಕಾಯುತ್ತ ಕೂರುವಂತೆಯೂ ಇಲ್ಲ. ರೇಡಿಯೇಟರ್ ಇರುವುದು ರೆಕ್ಕೆಯಡಿ. ನೆಲದ ಮೇಲಿದ್ದಷ್ಟು ಹೊತ್ತೂ ಅದಕ್ಕೆ ಗಾಳಿ ಸಾಲದು. ಟೆಂಪರೇಚರ್ ಮುಳ್ಳು ಏರುವುದನ್ನು ನೋಡುತ್ತ ರನ್‌ವೇ ತುದಿ ಮುಟ್ಟುವ ಆ ನಿಮಿಷಗಳು ನನಗೆ ಯಾವ ಕಾದಾಟಕ್ಕಿಂತಲೂ ಹೆಚ್ಚು.

ಹೊಸಬರು ಎಡವುವುದು ಎರಡು ಲಿವರುಗಳಲ್ಲಿ. ಥ್ರಾಟಲ್ ಎಂಜಿನ್ನಿಗೆ ನುಗ್ಗುವ ಗಾಳಿಯ ಒತ್ತಡ ನೋಡಿಕೊಳ್ಳುತ್ತದೆ, ಪಕ್ಕದ ಪ್ರೊಪೆಲ್ಲರ್ ಲಿವರು ಆರ್‌ಪಿಎಂ ನೋಡಿಕೊಳ್ಳುತ್ತದೆ. ಚೋರ್ಲಾ ಘಟ್ಟ ಹತ್ತುವ ಲಾರಿ ಡ್ರೈವರ್ ಟಾಪ್ ಗೇರಿನಲ್ಲೇ ಆಕ್ಸಿಲರೇಟರ್ ತುಳಿಯುತ್ತಾನೆಯೇ? ಮೊದಲು ಗೇರ್ ಇಳಿಸುತ್ತಾನೆ. ಶಕ್ತಿ ಬೇಕಾದಾಗ ನೀವೂ ಮೊದಲು ಆರ್‌ಪಿಎಂ ಏರಿಸಿ, ಆಮೇಲೆ ಥ್ರಾಟಲ್. ತಗ್ಗಿಸುವಾಗ ಮೊದಲು ಥ್ರಾಟಲ್, ಆಮೇಲೆ ಆರ್‌ಪಿಎಂ. ಕೈ ಪಳಗುವ ಮೊದಲೇ ಕಿವಿ ಪಳಗುತ್ತದೆ.

ಮೇಲೆ ಹೋದ ಮೇಲೆ ಮೂತಿಯನ್ನು ತಟ್ಟನೆ ಕೆಳಕ್ಕೆ ತಳ್ಳಿ ನೋಡಿ. ಮೊದಮೊದಲ ಮಾದರಿಯಾದರೆ ಎಂಜಿನ್ ಪೆಟ್ರೋಲ್ ಸಾಲದೆ ಕೆಮ್ಮುತ್ತದೆ. ಹಾಗೇ ತಳ್ಳಿ ಹಿಡಿದರೆ ಪೆಟ್ರೋಲ್ ಅತಿಯಾಗಿ ನುಗ್ಗಿ ಉಸಿರುಗಟ್ಟುತ್ತದೆ. ತಪ್ಪು ಕಾರ್ಬ್ಯುರೇಟರಿನದು. ಸಿಲಿಂಡರಿಗೆ ನೇರ ಇಂಧನ ಚಿಮ್ಮಿಸುವ ಜರ್ಮನ್ ಎಂಜಿನ್‌ಗಳಿಗೆ ಈ ಕಾಟ ಇರಲಿಲ್ಲ. 1941ರಲ್ಲಿ ಬೀಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ತೂತಿರುವ ಪುಟ್ಟ ಲೋಹದ ತುಣುಕೊಂದನ್ನು ಪೆಟ್ರೋಲಿನ ದಾರಿಯಲ್ಲಿ ಕೂರಿಸಿ, ಎಂಜಿನ್ನಿಗೆ ಎಷ್ಟು ಬೇಕೋ ಅಷ್ಟೇ ಹರಿಯುವಂತೆ ಮಾಡಿದರು. ಉಸಿರುಗಟ್ಟುವುದು ನಿಂತಿತು. ನಮ್ಮ ಬೆಳಗಾವಿಯ ಉದ್ಯಮಬಾಗದ ಯಾವ ಲೇತ್ ಕೂಡ ಅಂಥದ್ದನ್ನು ಮಾಡಿಕೊಡಬಲ್ಲದು. ಅದು ಹೊಳೆದದ್ದು ದೊಡ್ಡದು.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ಇನ್ನೊಂದು ಆಟದಲ್ಲಿ ಇಡೀ ಭೂಮಿಯಿದೆ, ಸಾಂಬ್ರಾ ಕೂಡ. ಮೊದಲ ಹಾರಾಟ ಅಲ್ಲಿಂದಲೇ ಆಗಲಿ. ರೈಲು ಹಳಿ ಹಿಡಿದು ಖಾನಾಪುರದತ್ತ ಹೋಗಿ, ಮಲಪ್ರಭೆ ಕಂಡೊಡನೆ ತಿರುಗಿ ಬನ್ನಿ. ಬರುವಾಗ ಆರ್‌ಪಿಎಂ ಗೇಜಿನ ಮೇಲೆ ಒಂದು ಚೀಟಿ ಅಂಟಿಸಿ, ಸದ್ದಿನಿಂದಲೇ ಅಂದಾಜು ಮಾಡಿ. ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಮ್ಯೂಸಿಯಮ್ಮಿನ ಎಂಜಿನ್ ವಿಭಾಗದಲ್ಲಿ ಒಂದು ಗಂಟೆ ನಿಂತು ಬನ್ನಿ.