ಬಾನುಲಿಯ ವಾರ ಮತ್ತು ರಾಗದ ವೇಳೆ

ನಮ್ಮ ಸಂಗೀತ ವಿಮರ್ಶೆಯು ಬಹುಕಾಲದಿಂದ ಕಚೇರಿಯನ್ನೇ ತನ್ನ ಅಳತೆಗೋಲನ್ನಾಗಿ ಮಾಡಿಕೊಂಡು ಬಂದಿದೆ. ಒಬ್ಬ ವಿದ್ವಾಂಸ, ಒಂದು ವೇದಿಕೆ, ಒಂದು ಸಂಜೆ—ಇಷ್ಟು ದೊರೆತರೆ ವಿಮರ್ಶಕನ ಕೆಲಸ ಮೊದಲಾಗುತ್ತದೆ. ಬಾನುಲಿಯ ಸಂಗೀತವನ್ನು ಕುರಿತು ಬರೆಯುವವರೂ ಇದೇ ಗೋಲನ್ನು ಹಿಡಿದು, ಇಂಥವರ ರಾಗಾಲಾಪನೆ ಸೊಗಸಾಗಿತ್ತು, ಇಂಥವರ ಶ್ರುತಿ ನಿಲ್ಲಲಿಲ್ಲ ಎಂದು ಹೇಳಿ ಮುಗಿಸುವುದುಂಟು. ಆದರೆ ಬಾನುಲಿ ನಿಲಯವೊಂದು ಕೇಳುಗನ ಮುಂದಿರಿಸುವುದು ಬಿಡಿ ಕಚೇರಿಗಳ ರಾಶಿಯನ್ನಲ್ಲ. ಬೆಳಗಿನಿಂದ ರಾತ್ರಿಯವರೆಗೆ, ಭಾನುವಾರದಿಂದ ಶನಿವಾರದವರೆಗೆ ಹಬ್ಬಿ, ಮತ್ತೆ ಮೊದಲಿನಿಂದ ಆರಂಭವಾಗುವ ಒಂದು ವೇಳಾಪಟ್ಟಿಯನ್ನು. ಯಾವ ಹೊತ್ತಿಗೆ ಯಾವ ಸಂಗೀತ, ಎಷ್ಟು ಹೊತ್ತು, ಯಾವುದರ ಬಳಿಕ ಯಾವುದು ಎಂಬ ನಿರ್ಣಯವೆಲ್ಲ ಅದರಲ್ಲಿ ಅಡಗಿದೆ. ಹಾಡಿದವರ ಗುಣದೋಷಗಳನ್ನು ಎಣಿಸಿದಂತೆ ಈ ಪಟ್ಟಿಯ ಗುಣದೋಷಗಳನ್ನೂ ಎಣಿಸಬೇಕೆಂಬುದು ಈ ಲೇಖನದಲ್ಲಿ ನಮ್ಮ ವಾದ.

ಇಂಥ ವಿಮರ್ಶೆಗೆ ಸಾಮಗ್ರಿಯ ಕೊರತೆಯಿಲ್ಲ. 1935ರ ಕೊನೆಯಿಂದ ‘ದಿ ಇಂಡಿಯನ್ ಲಿಸನರ್’ ಎಂಬ ಹೆಸರಿನಲ್ಲಿಯೂ, 1958ರಿಂದ ‘ಆಕಾಶವಾಣಿ’ ಎಂಬ ಹೆಸರಿನಲ್ಲಿಯೂ ಹೊರಬಂದ ಕಾರ್ಯಕ್ರಮ ಪತ್ರಿಕೆಯಲ್ಲಿ ನಿಲಯಗಳ ದಿನವಹಿ ಪಟ್ಟಿಗಳು ಅಚ್ಚಾಗಿವೆ. ಅನೇಕ ಕಡೆ ಗಾಯಕರ ಹೆಸರಿನೊಡನೆ ರಾಗದ ಹೆಸರೂ, ಪ್ರಸಾರದ ಗಂಟೆ ನಿಮಿಷಗಳೂ ಇವೆ. ಶಾಸನವನ್ನು ಓದುವವನಿಗೆ ಅದರ ಸಾಲುಗಳಿಂದ ಒಂದು ಕಾಲದ ಆಡಳಿತವು ಹೇಗೆ ತಿಳಿದುಬರುವುದೋ, ಹಾಗೆಯೇ ಈ ಪಟ್ಟಿಗಳನ್ನು ಓದುವವನಿಗೆ ಒಂದು ಕಾಲದ ಸಂಗೀತಾಭಿರುಚಿಯು ತಿಳಿದುಬರುತ್ತದೆ.

ಈ ಪರಿಶೀಲನೆಗೆ ಕನ್ನಡನಾಡು ವಿಶೇಷವಾಗಿ ತಕ್ಕ ಕ್ಷೇತ್ರ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸ್ಥಾಪಿಸಿದ ಪ್ರಸಾರ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರಿತ್ತು. ಮುಂದೆ ಇಡೀ ದೇಶದ ಬಾನುಲಿಗೇ ಆ ಹೆಸರು ನಿಂತಿತು. 1950ರಲ್ಲಿ ಧಾರವಾಡದ ನಿಲಯವೂ 1955ರಲ್ಲಿ ಬೆಂಗಳೂರಿನ ನಿಲಯವೂ ಆರಂಭವಾದುವು. ಒಂದೇ ಭಾಷೆಯನ್ನಾಡುವ ಜನರಿಗೆ ಒಂದೆಡೆಯಿಂದ ಹಿಂದೂಸ್ತಾನಿ ಸಂಗೀತವೂ ಮತ್ತೊಂದೆಡೆಯಿಂದ ಕರ್ನಾಟಕ ಸಂಗೀತವೂ ಹರಿದುಬರುವ ಯೋಗ ಹೀಗೆ ಒದಗಿತು. ಧಾರವಾಡ ನಿಲಯಕ್ಕೆ ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು. ಬೆಂಗಳೂರು ನಿಲಯದಲ್ಲಿ ವೈಣಿಕ ವಿ. ದೊರೆಸ್ವಾಮಿ ಅಯ್ಯಂಗಾರ್ಯರು ಸೇವೆ ಸಲ್ಲಿಸಿದರು. ವೇಳಾಪಟ್ಟಿಯ ವಿಚಾರದಲ್ಲಿ ಸಂಗೀತಗಾರರ ಮಾತಿಗೂ ಬೆಲೆಯಿದ್ದಿತೆಂಬುದಕ್ಕೆ ಇವು ನಿದರ್ಶನಗಳು.

ಈಗ ವೇಳೆಯ ಪ್ರಶ್ನೆಗೆ ಬರೋಣ. ಹಿಂದೂಸ್ತಾನಿ ಪದ್ಧತಿಯಲ್ಲಿ ಪ್ರತಿ ರಾಗಕ್ಕೂ ಪ್ರಹರವೊಂದು ನಿಯತವಾಗಿದೆ. ವಿಷ್ಣು ನಾರಾಯಣ ಭಾತಖಂಡೆಯವರು (1860–1936) ಈ ಸಂಪ್ರದಾಯವನ್ನು ಶಾಸ್ತ್ರದ ಚೌಕಟ್ಟಿಗೆ ತಂದರು. ವಾದಿ ಸ್ವರವು ಸಪ್ತಕದ ಪೂರ್ವಾಂಗದಲ್ಲಿದೆಯೋ ಉತ್ತರಾಂಗದಲ್ಲಿದೆಯೋ, ಮಧ್ಯಮವು ಶುದ್ಧವೋ ತೀವ್ರವೋ ಎಂಬುದರಿಂದ ರಾಗದ ಹೊತ್ತನ್ನು ಗುರುತಿಸಬಹುದೆಂದು ಅವರು ತೋರಿಸಿದರು. ಮಧ್ಯಮಕ್ಕೆ ಅವರು ಕೊಟ್ಟ ‘ಅಧ್ವದರ್ಶಕ’, ಎಂದರೆ ದಾರಿ ತೋರುವ ಸ್ವರ ಎಂಬ ಹೆಸರು ಅರ್ಥವತ್ತಾದುದು. ಈ ಶಾಸ್ತ್ರದಲ್ಲಿ ಅಪವಾದಗಳು ಬಹಳ ಎಂಬುದು ನಿಜ. ಆದರೂ ಭೈರವವು ಬೆಳಗಿನದು, ಸಾರಂಗವು ನಡುಹಗಲಿನದು, ಮಾರವಾ ಮುಸ್ಸಂಜೆಯದು, ದರ್ಬಾರಿಯು ನಡುರಾತ್ರಿಯದು ಎಂಬ ಭಾವನೆ ಗಾಯಕರಲ್ಲಿಯೂ ರಸಿಕರಲ್ಲಿಯೂ ಆಳವಾಗಿ ಬೇರೂರಿದೆ.

ಆದರೆ ಆಧುನಿಕ ಜೀವನದಲ್ಲಿ ಸಭಾಕಚೇರಿ ನಡೆಯುವುದು ಯಾವಾಗ? ಜನರು ಕಚೇರಿಯ ಕೆಲಸ ಮುಗಿಸಿ ಬಂದ ಮೇಲೆ, ಸಂಜೆ ಆರರಿಂದ ರಾತ್ರಿ ಒಂಬತ್ತು ಗಂಟೆಯೊಳಗೆ. ಹೀಗಾಗಿ ಯಮನ್, ಪೂರಿಯಾ, ಬಾಗೇಶ್ರೀ ಮೊದಲಾದ ರಾಗಗಳಿಗೆ ದೊರೆತ ಅವಕಾಶ ತೋಡಿ, ಜೌನಪುರಿ, ಸಾರಂಗ, ಭೀಮಪಲಾಸಿ, ಮುಲ್ತಾನಿಗಳಿಗೆ ದೊರೆಯದೆ ಹೋಯಿತು. ಹಿಂದೆ ಅಹೋರಾತ್ರಿ ನಡೆಯುತ್ತಿದ್ದ ಉತ್ಸವಗಳಲ್ಲಿ ಅಪರರಾತ್ರಿಯ ಮತ್ತು ಉಷಃಕಾಲದ ರಾಗಗಳಿಗಾದರೂ ಎಡೆಯಿತ್ತು. ಸವಾಯಿ ಗಂಧರ್ವರ ಸ್ಮರಣೆಗಾಗಿ 1953ರಲ್ಲಿ ಪುಣೆಯಲ್ಲಿ ಮೊದಲಾದ ಮಹೋತ್ಸವದಲ್ಲಿ ಬೆಳಕು ಹರಿಯುವವರೆಗೆ ಹಾಡುವ ರೂಢಿಯಿತ್ತು. 2000ದ ಶಬ್ದಮಾಲಿನ್ಯ ನಿಯಮಗಳು ತೆರೆದ ಸ್ಥಳಗಳಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿದ ಮೇಲೆ ಆ ಎಡೆಯೂ ಕಿರಿದಾಯಿತು. ಹೀಗೆ ದಿನದ ಎಂಟು ಪ್ರಹರಗಳಲ್ಲಿ ಒಂದೆರಡು ಮಾತ್ರ ವೇದಿಕೆಗೆ ಉಳಿದಿವೆ.

ಬಾನುಲಿಯ ಮಹತ್ತ್ವವು ಇಲ್ಲಿ ಸ್ಪಷ್ಟವಾಗುತ್ತದೆ. ಬೆಳಗಿನ ಪ್ರಸಾರ, ಮಧ್ಯಾಹ್ನದ ಪ್ರಸಾರ, ರಾತ್ರಿಯ ಪ್ರಸಾರ ಎಂಬ ವಿಭಾಗವನ್ನು ಅದು ಆಡಳಿತದ ಅನುಕೂಲಕ್ಕಾಗಿ ಮಾಡಿಕೊಂಡಿತು. ಸಂಗೀತಕ್ಕೆ ಮಾತ್ರ ಅದರಿಂದ ಕಳೆದುಹೋಗಿದ್ದ ಹಗಲು ಮರಳಿ ದೊರೆಯಿತು. ಟಿಕೆಟ್ಟು ಕೊಂಡು ಯಾರೂ ಬಾರದ ನಡುಹಗಲಿನಲ್ಲಿ ವೃಂದಾವನಿ ಸಾರಂಗವನ್ನು ಹಾಡಿಸಬಲ್ಲ ವೇದಿಕೆ ಬಾನುಲಿಯೊಂದೇ ಎಂದರೆ ಅತಿಶಯೋಕ್ತಿಯಾಗಲಾರದು.

ಇದರ ಫಲವು ಕೇವಲ ರಂಜನೆಯಲ್ಲ. ಒಂದು ನಿದರ್ಶನವನ್ನು ನೋಡಬಹುದು. ಹಿಂದೂಸ್ತಾನಿ ತೋಡಿಗೂ ಮುಲ್ತಾನಿಗೂ ಸ್ವರಗಳು ಒಂದೇ: ಕೋಮಲ ರಿಷಭ, ಗಾಂಧಾರ, ಧೈವತಗಳು, ತೀವ್ರ ಮಧ್ಯಮ, ಶುದ್ಧ ನಿಷಾದ. ತೋಡಿಯಲ್ಲಿ ರಿಷಭ, ಗಾಂಧಾರ, ಧೈವತಗಳ ಮೇಲೆ ಭಾರ ಬೀಳುತ್ತದೆ. ಮುಲ್ತಾನಿಯ ಆರೋಹದಲ್ಲಿ ರಿಷಭ ಧೈವತಗಳು ವರ್ಜ್ಯವಾಗಿ ಪಂಚಮ ನಿಷಾದಗಳು ಮೇಲೇಳುತ್ತವೆ. ಒಂದು ಬೆಳಗಿನ ರಾಗ, ಇನ್ನೊಂದು ಇಳಿಹಗಲಿನ ರಾಗ. ಒಂದೇ ದಿನ ಬೆಳಗ್ಗೆ ಅದನ್ನೂ ಸಂಜೆಯ ಮುನ್ನ ಇದನ್ನೂ ಬಾನುಲಿಯಲ್ಲಿ ಕೇಳಿದವನಿಗೆ, ರಾಗವೆಂದರೆ ಸ್ವರಗಳ ಪಟ್ಟಿಯಲ್ಲವೆಂಬುದು ಯಾವ ಪಾಠಪುಸ್ತಕದ ನೆರವೂ ಇಲ್ಲದೆ ಮನವರಿಕೆಯಾಗುತ್ತದೆ. ಆತನೇ ಬಳಿಕ ಬೆಂಗಳೂರಿನಿಂದ ಕರ್ನಾಟಕ ಪದ್ಧತಿಯ ತೋಡಿಯನ್ನು ಕೇಳಿದರೆ, ಹೆಸರೊಂದೇ ಆದರೂ ಸ್ವರಗಳು ಬೇರೆ, ಅದರ ಸ್ವರಗಳು ಹಿಂದೂಸ್ತಾನಿಯ ಭೈರವಿ ಥಾಟಿಗೆ ಸಲ್ಲುತ್ತವೆ ಎಂಬುದೂ ತಿಳಿಯುತ್ತದೆ. ಇಂಥ ಶಿಕ್ಷಣವು ಒಂದು ಕಚೇರಿಯಿಂದ ಲಭಿಸುವುದಲ್ಲ. ಜಾಣತನದಿಂದ ಹೆಣೆದ ಒಂದು ವಾರದಿಂದ ಮಾತ್ರ ಲಭಿಸುವುದು.

ಕರ್ನಾಟಕ ಪದ್ಧತಿಯಲ್ಲಿ ಹೊತ್ತಿನ ನಿಯಮ ಸಡಿಲ. ಬೌಳಿ, ಬಿಲಹರಿಗಳಿಗೆ ಬೆಳಗಿನ ಸಂಬಂಧವೂ ನೀಲಾಂಬರಿಗೆ ಇರುಳಿನ ಸಂಬಂಧವೂ ಉಂಟಾದರೂ ಕಚೇರಿಯಲ್ಲಿ ಅವನ್ನು ಕಟ್ಟುನಿಟ್ಟಾಗಿ ಪಾಲಿಸುವವರು ವಿರಳ. ಈ ಪದ್ಧತಿಯ ಕಾಲಪ್ರಜ್ಞೆಯು ಗಡಿಯಾರಕ್ಕಿಂತ ಹೆಚ್ಚಾಗಿ ಪಂಚಾಂಗವನ್ನು ಅವಲಂಬಿಸಿದೆ. ಪುಷ್ಯ ಬಹುಳ ಪಂಚಮಿ ತ್ಯಾಗರಾಜರ ಆರಾಧನೆಯ ದಿನ. ಅದೇ ಪಕ್ಷದ ಅಮಾವಾಸ್ಯೆ ಪುರಂದರದಾಸರದು. ವಾರದ ಲೆಕ್ಕವೂ ಇದರಲ್ಲಿ ಸೇರಿದೆ. ಮುತ್ತುಸ್ವಾಮಿ ದೀಕ್ಷಿತರು (1775–1835) ವಾರದ ಅಧಿಪತಿಗಳಾದ ಏಳು ಗ್ರಹಗಳನ್ನು ಕುರಿತು ಏಳು ಕೃತಿಗಳನ್ನು ರಚಿಸಿದ್ದಾರೆ: ರವಿಗೆ ಸೌರಾಷ್ಟ್ರ, ಚಂದ್ರನಿಗೆ ಅಸಾವೇರಿ, ಅಂಗಾರಕನಿಗೆ ಸುರಟಿ, ಬುಧನಿಗೆ ನಾಟಕುರಂಜಿ, ಗುರುವಿಗೆ ಅಠಾಣ, ಶುಕ್ರನಿಗೆ ಪರಜು, ಶನಿಗೆ ಯದುಕುಲಕಾಂಬೋಧಿ. ತಾಳಗಳಾದರೋ ಧ್ರುವದಿಂದ ಏಕದವರೆಗೆ ಕ್ರಮವಾಗಿ ಏಳು ಸೂಳಾದಿ ತಾಳಗಳು. ಇದಕ್ಕಿಂತ ಸಿದ್ಧವಾದ ವಾರದ ಚೌಕಟ್ಟು ಬಾನುಲಿಯ ಯೋಜಕನಿಗೆ ಬೇರೆ ಎಲ್ಲಿ ದೊರೆತೀತು? ದಿನಕ್ಕೊಂದು ಕೃತಿಯಂತೆ ಏಳು ದಿನ ಕೇಳಿದವನಿಗೆ ಏಳು ರಾಗಗಳೊಡನೆ ತಾಳವ್ಯವಸ್ಥೆಯ ಅಡಿಪಾಯವೂ ಕಿವಿಗೆ ಬಿದ್ದಂತಾಗುತ್ತದೆ. ಏಳನ್ನೂ ಒಂದೇ ಗಂಟೆಯಲ್ಲಿ ಸಾಲಾಗಿ ಹಾಡಿಸಿದರೆ ದಿನಕ್ಕೂ ಕೃತಿಗೂ ಇರುವ ಈ ನಂಟು ಮರೆಯಾಗುತ್ತದೆ.

ಇಷ್ಟು ಗುಣಪಕ್ಷ. ಇನ್ನು ದೋಷಪಕ್ಷ. ಬಾನುಲಿಯು ಹಗಲನ್ನು ಮರಳಿಸಿತೆಂದೆವು. ಆದರೆ ತುಂಡು ತುಂಡಾಗಿ ಮರಳಿಸಿತು. ಹಾಡಿಕೆಗೆ ಸಾಮಾನ್ಯವಾಗಿ ದೊರೆಯುವುದು ಅರ್ಧ ಗಂಟೆಯ ಅವಧಿ. ಬದಿಗೆ ಮೂರು ನಾಲ್ಕು ನಿಮಿಷ ಮಾತ್ರ ಹಿಡಿಯುತ್ತಿದ್ದ ಗ್ರಾಮಫೋನ್ ತಟ್ಟೆಗೆ ಹೋಲಿಸಿದರೆ ಇದು ಔದಾರ್ಯವೇ ಸರಿ. ಆದರೂ ವಿಲಂಬಿತ ಖ್ಯಾಲಿನಲ್ಲಿ ರಾಗವು ಮಂದ್ರದಿಂದ ಮೆಲ್ಲನೆ ಏಳುತ್ತಿರುವಾಗಲೇ ಗಾಯಕನು ಗಡಿಯಾರವನ್ನು ನೋಡಬೇಕಾಗುತ್ತದೆ. ಕರ್ನಾಟಕ ಪದ್ಧತಿಯಲ್ಲಿ ಹಾನಿಯ ಬಗೆ ಬೇರೆ. ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು (1890–1967) ರೂಢಿಗೆ ತಂದ ಕಚೇರಿಯ ಕ್ರಮದಲ್ಲಿ ವರ್ಣದಿಂದ ಮೊದಲಾಗಿ ಮಂಗಳದವರೆಗೆ ಒಂದು ಸಮತೋಲನವಿದೆ. ಅರ್ಧ ಗಂಟೆಯಲ್ಲಿ ಕೃತಿಗಳು ಉಳಿಯುತ್ತವೆ. ರಾಗ ತಾನ ಪಲ್ಲವಿಯೂ ತನಿ ಆವರ್ತನವೂ ಬಿಟ್ಟುಹೋಗುತ್ತವೆ. ಕೇಳುಗನಿಗೆ ಸಿಗುವುದು ರಚನೆಗಳ ಪರಿಚಯ, ಮನೋಧರ್ಮದ ಪರಿಚಯವಲ್ಲ.

ದೀರ್ಘಾವಧಿಯ ಪ್ರಸಾರಗಳು ಇಲ್ಲದಿರಲಿಲ್ಲ. ಬಿ. ವಿ. ಕೇಸಕರರು ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಕಾಲವು (1952–62) ಚಲನಚಿತ್ರಗೀತೆಗಳ ಮೇಲಿನ ನಿರ್ಬಂಧಕ್ಕಾಗಿ ಟೀಕೆಗೆ ಗುರಿಯಾಗಿದೆ. ಆ ಕೇಳುಗರು ರೇಡಿಯೋ ಸಿಲೋನಿನತ್ತ ಹೋದದ್ದೂ, 1957ರಲ್ಲಿ ವಿವಿಧ ಭಾರತಿಯನ್ನು ಆರಂಭಿಸಬೇಕಾದದ್ದೂ ತಿಳಿದ ಸಂಗತಿ. ಆದರೆ ಶಾಸ್ತ್ರೀಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವು 1952ರಲ್ಲಿಯೂ, ಬಾನುಲಿ ಸಂಗೀತ ಸಮ್ಮೇಳನವು 1954ರಲ್ಲಿಯೂ ಆರಂಭವಾದದ್ದು ಆ ಕಾಲದಲ್ಲಿಯೇ. ಶನಿವಾರ ರಾತ್ರಿಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಲಾವಿದನಿಗೆ ಒಂದೂವರೆ ಗಂಟೆಯ ಅವಕಾಶವಿತ್ತು. ಅದರ ಉಪಕಾರವನ್ನು ಮರೆಯಲಾಗದು. ಆದರೆ ಇಲ್ಲಿಯೇ ನಮ್ಮ ಮುಖ್ಯ ಆಕ್ಷೇಪವಿದೆ. ವಾರದ ಅತಿ ವಿಶಾಲವಾದ ಅವಧಿಯನ್ನು ರಾತ್ರಿಗೆ ಇರಿಸಿದ್ದರಿಂದ, ಸಭೆಗಳಲ್ಲಿ ಮೊದಲೇ ಬೇಕಾದಷ್ಟು ಅವಕಾಶವುಳ್ಳ ರಾತ್ರಿಯ ರಾಗಗಳಿಗೇ ಬಾನುಲಿಯಲ್ಲಿಯೂ ವಿಸ್ತಾರ ದೊರೆಯಿತು. ಬೇರೆ ಗತಿಯಿಲ್ಲದ ಹಗಲಿನ ರಾಗಗಳಿಗೆ ಅರ್ಧ ಗಂಟೆಯೇ ಗತಿಯಾಯಿತು. ಉಳ್ಳವರಿಗೆ ಉಣಬಡಿಸಿ ಹಸಿದವರಿಗೆ ತುತ್ತು ಕೊಟ್ಟಂತಾಯಿತು.

ಧ್ವನಿಮುದ್ರಣವು ಬಂದ ಮೇಲೆ ಇನ್ನೊಂದು ತೊಡಕು ಹುಟ್ಟಿತು. ಮೊದಲ ದಶಕಗಳಲ್ಲಿ ಬೆಳಗಿನ ರಾಗವನ್ನು ಹಾಡುವ ಕಲಾವಿದನು ಬೆಳಗ್ಗೆಯೇ ಎದ್ದು ನಿಲಯಕ್ಕೆ ಬರಬೇಕಾಗಿತ್ತು. ಮುದ್ರಣದ ಯುಗದಲ್ಲಿ ಆತನು ನಡುಹಗಲಿನಲ್ಲಿ ಲಲಿತವನ್ನು ಹಾಡಿಟ್ಟು ಹೋಗಬಹುದು. ನಿಲಯವು ಅದನ್ನು ನಸುಕಿನಲ್ಲಿ ಬಿತ್ತರಿಸಬಹುದು. ಅಲ್ಲಿಗೆ ರಾಗದ ವೇಳೆಯು ಗಾಯಕನ ಕೈಬಿಟ್ಟು ಕೇಳುಗನ ಪಾಲಿಗೆ ಬಂದಿತು; ಅದನ್ನು ಕಾಯುವ ಹೊಣೆ ಯೋಜಕನೊಬ್ಬನದಾಯಿತು. 2016ರ ಜನವರಿಯಲ್ಲಿ ಬೆಂಗಳೂರಿನಿಂದ ಆರಂಭವಾದ, ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ಆಕಾಶವಾಣಿಯ ‘ರಾಗಂ’ ವಾಹಿನಿಯಂಥ ಅಹೋರಾತ್ರಿಯ ಏರ್ಪಾಡಿನಲ್ಲಿ ಈ ಹೊಣೆ ಇನ್ನೂ ಹಿರಿದು. ಎಂಟು ಪ್ರಹರಗಳೂ ಕೈಯಲ್ಲಿರುವವನಿಗೆ ಅವಕಾಶದ ಅಭಾವವೆಂಬ ನೆಪ ಉಳಿಯುವುದಿಲ್ಲ. ಕೇಳುಗನು ಬೇಕೆಂದಾಗ ಬೇಕಾದ ರಾಗವನ್ನು ತಾನೇ ಆರಿಸಿ ಕೇಳುವ ಸಾಧನಗಳು ಹೆಚ್ಚಿರುವ ಈ ಕಾಲದಲ್ಲಿ, ಹೊತ್ತಿಗೆ ತಕ್ಕ ರಾಗವನ್ನು ತಾನಾಗಿ ತಂದುಕೊಡುವುದೇ ಬಾನುಲಿಯ ವೈಶಿಷ್ಟ್ಯ. ಅದನ್ನೂ ಬಿಟ್ಟರೆ ಬಾನುಲಿಯು ಮುದ್ರಿಕೆಗಳ ಉಗ್ರಾಣವಾಗುತ್ತದೆ.

ಆದುದರಿಂದ ಮೂರು ಸೂಚನೆಗಳನ್ನು ಮುಂದಿಡುತ್ತೇವೆ. ವಾರಕ್ಕೆ ಒಂದು ಸಲವಾದರೂ ಬೆಳಗಿನ ರಾಗಕ್ಕೊಂದು, ಇಳಿಹಗಲಿನ ರಾಗಕ್ಕೊಂದು ಗಂಟೆಗೆ ಕಡಮೆಯಿಲ್ಲದ ಅವಧಿ ಮೀಸಲಾಗಬೇಕು. ಕರ್ನಾಟಕ ಪದ್ಧತಿಯ ಪೂರ್ಣ ಕಚೇರಿಯೊಂದನ್ನು, ಪಲ್ಲವಿ ಮತ್ತು ತನಿ ಆವರ್ತನಗಳನ್ನು ಕತ್ತರಿಸದೆ, ವಾರಕ್ಕೊಮ್ಮೆ ಬಿತ್ತರಿಸಬೇಕು. ಮೂರನೆಯದು ನಮ್ಮಂಥವರ ಹೊಣೆ: ವಿಶ್ವವಿದ್ಯಾನಿಲಯಗಳ ಸಂಗೀತ ವಿಭಾಗಗಳು ಪ್ರಸಾರವಾದ ರಾಗ, ತಾಳ, ರಚನೆ, ಅವಧಿಗಳನ್ನು ವಾರವಾರವೂ ದಾಖಲಿಸಬೇಕು. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಶ್ರವಣಾಭ್ಯಾಸವಿಲ್ಲ. ಯಾವ ರಾಗವು ಎಷ್ಟು ವಾರಗಳಿಂದ ಕೇಳಿಬಂದಿಲ್ಲ ಎಂಬುದು ಆಗ ಊಹೆಯ ಮಾತಾಗದೆ ಲೆಕ್ಕದ ಮಾತಾಗುತ್ತದೆ.

ರಾಗಗಳು ಗ್ರಂಥಗಳಲ್ಲಿ ಉಳಿಯುವುದು ಬೇರೆ, ಕಂಠದಲ್ಲಿಯೂ ಕಿವಿಯಲ್ಲಿಯೂ ಉಳಿಯುವುದು ಬೇರೆ. ಲಕ್ಷಣಗ್ರಂಥಗಳಲ್ಲಿ ಹೆಸರು ಮಾತ್ರ ಉಳಿದು ಹಾಡುವ ಬಗೆ ಮರೆತುಹೋದ ರಾಗಗಳು ಎಷ್ಟೋ ಇವೆ. ಹಗಲಿನ ರಾಗಗಳೂ ಆ ಪಟ್ಟಿಗೆ ಸೇರಬಾರದೆಂದಾದರೆ, ಅವುಗಳಿಗೆ ಉಳಿದಿರುವ ದೊಡ್ಡ ಆಸರೆಯಾದ ಬಾನುಲಿಯ ವಾರವನ್ನು ನಾವು ಇನ್ನಷ್ಟು ಎಚ್ಚರದಿಂದ ಕೇಳಬೇಕು; ಕೇಳಿದ್ದನ್ನು ಬರೆದಿಡಬೇಕು.